ಟ್ಯಾಂಕಿನ ಮೇಲೆ ಮಂಗಗಳು: ಅವುಗಳ ಹೊಟ್ಟೆಹುಳ ನಮಗೂ ದಾಟುತ್ತಾ?

ಕೊಟ್ಟಿಗೆಹಾರ_ಮಳೆ

ತಿಳಿದವರು ದಯವಿಟ್ಟು ಹೇಳಿ. ಮೂಡಿಗೆರೆ ಬದಿಯ ಕಾಫಿ ತೋಟ, ಕೆಲಸಗಾರರ ಲೈನಿನಲ್ಲಿ ಆರು ಮನೆ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬಂದು 2000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ಸೀದಾ ನಲ್ಲಿಗೆ. ಕ್ಲೋರಿನ್ ಇಲ್ಲ, ಫಿಲ್ಟರ್ ಇಲ್ಲ. ಮುಚ್ಚಳವನ್ನು ಮಂಗಗಳು ತಿರುಗಿಸಿ ಕಿತ್ತು ಎಸೆದಿವೆ. ಅಂಚಿನಲ್ಲಿ ಕೂತು ನೀರು ಕುಡಿಯುತ್ತವೆ, ಅಲ್ಲೇ ಗಲೀಜು ಮಾಡುತ್ತವೆ. ಲೈನಿನ ಇಬ್ಬರು ಮಕ್ಕಳಿಗೆ ಭೇದಿ ಬಿಟ್ಟು ಬಿಟ್ಟು ಬರುತ್ತಿದೆ. ಇದು ಮಂಗನ ಕಾಯಿಲೆ ಅಂತ ಕೆಲವರು ಹೆದರಿಸುತ್ತಿದ್ದಾರೆ. ಮಂಗನ ಹೊಟ್ಟೆಯ ಹುಳ ಮನುಷ್ಯರಿಗೆ ಬರುತ್ತಾ? ಬಂದರೆ ಯಾವುದು? ಟ್ಯಾಂಕನ್ನು ಏನು ಮಾಡಬೇಕು?

ಓಪಿಡಿ_ಬೆಳಗ್ಗೆ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮಂಗನ ಕಾಯಿಲೆ ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಾದ ವೈರಸ್ಸು. ಉಣುಗು ಕಚ್ಚಿ ಬರುತ್ತದೆ. ಮಂಗನ ಮಲದಿಂದಾಗಲಿ, ನೀರಿನಿಂದಾಗಲಿ ಬರುವುದಿಲ್ಲ. ಜೋರು ಜ್ವರ, ತಲೆನೋವು, ಮೈಕೈ ನೋವು ಅದರ ಲಕ್ಷಣ. ಜ್ವರವಿಲ್ಲದೆ ವಾರಗಟ್ಟಲೆ ಬಂದು ಹೋಗುವ ಭೇದಿ ಅದಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರು ಅದರ ಬಗ್ಗೆ ಎಚ್ಚರದಿಂದ ಇರಲೇಬೇಕು, ಆದರೆ ಟ್ಯಾಂಕಿನ ವಿಚಾರವೇ ಬೇರೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಹೌದು, ಕೆಲವು ದಾಟುತ್ತವೆ. ಮಂಗನೂ ನಾವೂ ಪ್ರೈಮೇಟುಗಳು, ಕರುಳು ಹೆಚ್ಚುಕಡಿಮೆ ಒಂದೇ ತರ. ಟ್ಯಾಂಕಿನ ಲೆಕ್ಕದಲ್ಲಿ ನೋಡಬೇಕಾದವು ಬರಿಗಣ್ಣಿಗೆ ಕಾಣದ ಪರೋಪಜೀವಿಗಳು: ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ, ಅಮೀಬ, ಬ್ಯಾಲಂಟಿಡಿಯಂ. ಇವು ಮಲದಲ್ಲಿ ಗಟ್ಟಿ ಕವಚದ ಕೋಶವಾಗಿ ಹೊರಬರುತ್ತವೆ, ಬಂದ ಕ್ಷಣದಿಂದಲೇ ಸೋಂಕು ಹಚ್ಚಬಲ್ಲವು. ಜಿಯಾರ್ಡಿಯಾದ ಹತ್ತು ಕೋಶ ಒಳಗೆ ಹೋದರೂ ಸಾಕು. ಮಣ್ಣಿನ ಲೆಕ್ಕದಲ್ಲಿ ನೋಡಬೇಕಾದವು ಹುಳಗಳು: ಚಾಟಿಹುಳು, ಕೊಕ್ಕೆಹುಳು, ಸ್ಟ್ರಾಂಜಿಲಾಯ್ಡಿಸ್. ಇವುಗಳ ಮೊಟ್ಟೆ ಅಥವಾ ಮರಿ ಮಣ್ಣಿನಲ್ಲಿ ಕೆಲವು ದಿನ, ಚಾಟಿಹುಳುವಿನದಾದರೆ ಕೆಲವು ವಾರ ಬಲಿಯಬೇಕು, ಆಮೇಲೇ ಅಪಾಯ. ಇವೆರಡನ್ನೂ ಒಂದೇ ಮಾಡಿಕೊಂಡರೆ ಮುಂದಿನ ಎಲ್ಲ ಮುನ್ನೆಚ್ಚರಿಕೆಯೂ ಅಡ್ಡಾದಿಡ್ಡಿ ಆಗುತ್ತದೆ.

ಇನ್ನೊಂದು ಗಮನಿಸಿ. ನಿನ್ನೆ ನೀರು ಕುಡಿದು ಇವತ್ತು ಭೇದಿ ಅಂದರೆ ಇವು ಕಾರಣವಲ್ಲ, ಅದು ಬ್ಯಾಕ್ಟೀರಿಯಾ ಅಥವಾ ಊಟದ ದೋಷ. ಜಿಯಾರ್ಡಿಯಾಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ, ಅಮೀಬಕ್ಕೆ ಎರಡರಿಂದ ನಾಲ್ಕು ವಾರ ಬೇಕು.

ಅರಸೀಕೆರೆ_ತೆಂಗು

ಸಾರ್, ಹುಟ್ಟಿದಾಗಿಂದ ಮಂಗನ ಜೊತೆಗೇ ಇದೀವಿ. ತೆಂಗಿನಕಾಯಿ ಅರ್ಧ ಅವಕ್ಕೆ, ಅರ್ಧ ನಮಗೆ. ಯಾರಿಗೂ ಏನೂ ಆಗಿಲ್ಲ. ಇದೆಲ್ಲ ವಿದೇಶದ ಪುಸ್ತಕದ ಭಯ ಅಲ್ವಾ?

ಕಾಡುಹಾದಿ

ಏನೂ ಆಗಿಲ್ಲ ಅನ್ನುವುದನ್ನು ಮಲಪರೀಕ್ಷೆ ಮಾಡದೆ ಹೇಳೋಕೆ ಬರಲ್ಲ ಸಾರ್. ಹುಳ ಇದ್ದವರಲ್ಲಿ ಬಹಳ ಮಂದಿಗೆ ಲಕ್ಷಣವೇ ಇರುವುದಿಲ್ಲ.

ಭಯವೂ ಅತಿಯಾಗಬಾರದು, ಅದನ್ನೂ ಒಪ್ಪುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ. ಬೆಲ್ಜಿಯಂನ ಮೃಗಾಲಯದಲ್ಲಿ ಪ್ರೈಮೇಟುಗಳನ್ನು ನೋಡಿಕೊಳ್ಳುವ ಕೆಲಸಗಾರರಿಗೆ ಎಂಟಮೀಬಾ ನಟಾಲಿ ಎಂಬ ಅಮೀಬ ಮತ್ತು ಚಾಟಿಹುಳು ಪ್ರಾಣಿಗಳಿಂದಲೇ ಬಂದಿದ್ದನ್ನು ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ 2015ರಲ್ಲಿ ವರದಿ ಮಾಡಿದರು. ಥಾಯ್ಲೆಂಡಿನಲ್ಲಿ ಮಂಗಗಳ ಒಡನಾಟ ಇರುವ ಊರುಗಳ ಜನರಲ್ಲಿ ಸ್ಟ್ರಾಂಜಿಲಾಯ್ಡಿಸ್ ಫ್ಯೂಲೆಬೋರ್ನಿ ಸಿಕ್ಕಿದೆ. ಅದು ಮೂಲತಃ ಮಂಗದ ಹುಳ. ಶ್ರೀಲಂಕಾದಲ್ಲೂ ನಮ್ಮ ದೇಶದಲ್ಲೂ ಮಂಗದ ಲಾಡಿಹುಳು ಬರ್ಟಿಯೆಲ್ಲಾ ಮಕ್ಕಳಲ್ಲಿ ಕಂಡಿದೆ.

ಎದುರು ದಿಕ್ಕಿನ ಸಂಚಾರ ನಮ್ಮಲ್ಲಿ ಯಾರಿಗೂ ನೆನಪಾಗುವುದಿಲ್ಲ. ತಮಿಳುನಾಡಿನ ಆನೆಮಲೆಯ ಸಿಂಗಳೀಕಗಳ ಮೇಲೆ ಹೈದರಾಬಾದಿನ ವಿಜ್ಞಾನಿಗಳು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜನವಸತಿಯ ಪಕ್ಕದ ಕಾಡಿನ ತುಣುಕುಗಳಲ್ಲಿ ಬದುಕುವ ಗುಂಪುಗಳಿಗೆ ಹುಳದ ಹೊರೆ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆದರೆ ಮೂವತ್ತು ಮಂಗ ಒಂದೇ ಜಾಗದಲ್ಲಿ ಸೇರುತ್ತವೆ, ಅಲ್ಲೇ ಹೇತು ಅಲ್ಲೇ ಹೆಕ್ಕಿ ತಿನ್ನುತ್ತವೆ. ಅದೇ ತಿರುವಿನ ಪೊದೆಯಲ್ಲಿ ಪ್ರವಾಸಿಗರೂ ಬಯಲಿಗೆ ಕೂರುತ್ತಾರೆ. ಯಾರಿಂದ ಯಾರಿಗೆ ಬಂತು ಅಂತ ಜಗಳ ಆಡೋಕೆ ಅಲ್ಲಿ ಜಾಗವೇ ಇಲ್ಲ.

ನಲ್ಲಿನೀರು

ಟ್ಯಾಂಕಿನ ವಿಚಾರಕ್ಕೆ ಬರ್ತೀನಿ. ಜನ ತಪ್ಪೋದು ಎಲ್ಲಿ ಅಂದ್ರೆ, ಗಲೀಜು ನೋಡಿದ ಕೂಡಲೇ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎಸೆದು ನಿಶ್ಚಿಂತೆಯಾಗಿಬಿಡ್ತಾರೆ. ಕ್ಲೋರಿನ್ ಎಲ್ಲವನ್ನೂ ಒಂದೇ ವೇಗದಲ್ಲಿ ಕೊಲ್ಲಲ್ಲ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದು, ನೀರು 25 ಡಿಗ್ರಿ ಇದ್ದರೆ ಜಿಯಾರ್ಡಿಯಾಗೆ ಸುಮಾರು 45 ನಿಮಿಷ ಬೇಕು. ಕ್ರಿಪ್ಟೋಸ್ಪೊರಿಡಿಯಂಗೆ ಸುಮಾರು 15,300 ನಿಮಿಷ, ಅಂದರೆ ಹತ್ತು ದಿನಕ್ಕೂ ಮೇಲೆ. ಹುಳುಗಳ ಮೊಟ್ಟೆಗೆ ಕುಡಿಯುವ ನೀರಿನ ಪ್ರಮಾಣದ ಕ್ಲೋರಿನ್ ಲೆಕ್ಕಕ್ಕೇ ಇಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಟ್ಯಾಂಕು ಪೂರ್ತಿ ಖಾಲಿ ಮಾಡಿ. ಅಡಿಯ ಗಸಿ ತೊಳೆಯುವ ವಾಲ್ವಿನಿಂದ ಹೋಗಬೇಕು, ಮನೆಯ ಪೈಪಿಗೆ ಅಲ್ಲ. ವಾಲ್ವ್ ಇಲ್ಲದಿದ್ದರೆ ಬಕೆಟ್ಟು, ಬಟ್ಟೆ. ಹುಳದ ಮೊಟ್ಟೆಗಳು ನೀರಿಗಿಂತ ಭಾರ, ತಳದ ಕೆಸರಲ್ಲೇ ಕೂರುತ್ತವೆ. ಅದನ್ನು ತೆಗೆಯದೆ ಔಷಧಿ ಹಾಕೋದು ವ್ಯರ್ಥ. ಬ್ರಷ್ಷಿನಿಂದ ಗೋಡೆ ಉಜ್ಜಿ. ಲೋಳೆ ಇದ್ದಷ್ಟೂ ಕ್ಲೋರಿನ್ ಅದಕ್ಕೇ ಖರ್ಚಾಗುತ್ತೆ.

ಆಮೇಲೆ ಟ್ಯಾಂಕು ತುಂಬಿಸಿ, 2000 ಲೀಟರಿಗೆ 300 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್. ಶೇಕಡಾ 33 ಕ್ಲೋರಿನ್ ಇರೋ ಪುಡಿಯಾದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಆಗುತ್ತೆ. ಪುಡಿಯನ್ನು ಸೀದಾ ಸುರಿಯಬೇಡಿ. ಬಕೆಟ್ಟಲ್ಲಿ ಪೇಸ್ಟು ಮಾಡಿ, ನೀರು ಸೇರಿಸಿ ಕಲಕಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಹಾಕಿ. ಎಲ್ಲ ನಲ್ಲಿಗಳನ್ನೂ ಒಮ್ಮೆ ತಿರುಗಿಸಿ, ವಾಸನೆ ಬಂದ ಮೇಲೆ ಮುಚ್ಚಿ. ಆಗ ಪೈಪಿನ ಒಳಗೂ ಮದ್ದು ನಿಲ್ಲುತ್ತೆ. ರಾತ್ರಿಯಿಡೀ, ಕನಿಷ್ಠ 12 ಗಂಟೆ. ಲೆಕ್ಕಕ್ಕೆ ಐದಾರು ಗಂಟೆ ಸಾಕು. ಆದರೆ ನಮ್ಮ ಮಲೆನಾಡಿನ ನೀರು ತಣ್ಣಗಿರುತ್ತೆ, ಬ್ಲೀಚಿಂಗ್ ನೀರಿನ ಕ್ಷಾರ ಹೆಚ್ಚಿಸುತ್ತೆ, ಎರಡೂ ಕ್ಲೋರಿನ್ ಕೆಲಸ ನಿಧಾನ ಮಾಡ್ತವೆ. ಬೆಳಗ್ಗೆ ಪೂರ್ತಿ ಹೊರಬಿಡಿ. ಕೆರೆಗೆ, ಮೀನಿನ ಹೊಂಡಕ್ಕೆ, ತರಕಾರಿ ಪಾತಿಗೆ ಬಿಡಬೇಡಿ.

ದಿನನಿತ್ಯಕ್ಕೆ 1000 ಲೀಟರಿಗೆ 2.5 ಗ್ರಾಂ, ನಿಮ್ಮ ಟ್ಯಾಂಕಿಗೆ 5 ಗ್ರಾಂ. ಒಂದು ಗಂಟೆ ಬಿಟ್ಟು ಕುಡಿಯೋಕೆ ಬಳಸಿ. ನಲ್ಲಿಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಗ್ರಾಮ ಪಂಚಾಯಿತಿಯಲ್ಲಿ ಜಲಜೀವನ್ ಮಿಷನ್ನಿನ ಪರೀಕ್ಷಾ ಕಿಟ್ ಇರುತ್ತೆ, ಕೇಳಿ ಪಡೀರಿ. ಅದರ ಸಣ್ಣ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇದೆ ಅಂತ. ಕಪ್ಪಾಗದಿದ್ದರೆ ಹುಳ, ಅಮೀಬ ಇಲ್ಲ ಅಂತ ಅರ್ಥವಲ್ಲ. ಆ ಬಾಟಲಿ ಅವನ್ನು ಹುಡುಕೋದೇ ಇಲ್ಲ.

ಪುಡಿಯ ಬಗ್ಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಾಯಿ ತೆರೆದ ಪ್ಯಾಕೆಟ್ಟಿನ ಬ್ಲೀಚಿಂಗ್ ತೇವ ಹೀರಿ ಮುದ್ದೆಯಾಗಿ ಸತ್ತುಹೋಗುತ್ತೆ. ಮೂಗಿಗೆ ಘಾಟು ಬರದ ಪುಡಿ ಸುಣ್ಣಕ್ಕೆ ಸಮ.

ಹೆಂಚಿನಮನೆ_ಸಕಲೇಶಪುರ

ಮುಚ್ಚಳ ಮುಖ್ಯ ಮಾರಾಯ್ರೆ, ಮದ್ದು ಆಮೇಲೆ. ತಿರುಪು ಮುಚ್ಚಳ ಮಂಗಕ್ಕೆ ಆಟದ ಸಾಮಾನು. ಮೇಲೆ ಕಲ್ಲು ಇಟ್ಟರೆ ಕಲ್ಲನ್ನೇ ಉರುಳಿಸುತ್ತೆ, ಒಮ್ಮೊಮ್ಮೆ ಟ್ಯಾಂಕಿನ ಒಳಗೇ ಹಾಕುತ್ತೆ. ಮಾಡಬೇಕಾದ್ದು ಇಷ್ಟು: ಮುಚ್ಚಳದ ಅಂಚಿಗೂ ಟ್ಯಾಂಕಿನ ಕುತ್ತಿಗೆಗೂ ಎದುರುಬದುರು ಎರಡು ಕಡೆ ಅರ್ಧ ಇಂಚಿನ ತೂತು, ಒಂದರಲ್ಲಿ ಗ್ಯಾಲ್ವನೈಸ್ಡ್ ತಂತಿಯ ಕೀಲು, ಇನ್ನೊಂದರಲ್ಲಿ ಸಣ್ಣ ಸರಪಳಿ ಮತ್ತು ಬೀಗ. ಕೀಲು ಇಲ್ಲದೆ ಬರೀ ಬೀಗ ಹಾಕಿದರೆ ಇನ್ನೊಂದು ಬದಿಯಿಂದ ಕೈ ತೂರಿಸಿ ಎತ್ತಿ ಮುರೀತವೆ. ತೂತು ಕುತ್ತಿಗೆಯ ಹೊರತುಟಿಗೆ ಇರಲಿ, ಒಳಗೆ ಮಳೆನೀರು ಇಳಿಯದ ಹಾಗೆ.

ಓವರ್‌ಫ್ಲೋ ಪೈಪು ಯಾರೂ ನೋಡಲ್ಲ. ಅದಕ್ಕೆ ಕೆಳಮುಖ ಎಲ್ಬೋ ಹಾಕಿ ಬಾಯಿಗೆ ಸ್ಟೀಲ್ ಜಾಲರಿ ಕಟ್ಟಿ. ನೈಲಾನ್ ಸೊಳ್ಳೆಪರದೆ ಕಟ್ಟಬೇಡಿ, ಹರಿದು ಆಟ ಆಡ್ತವೆ. ಟ್ಯಾಂಕಿನ ಮೇಲೆ ಬಾಗಿರೋ ಹಲಸಿನ ಕೊಂಬೆ ಇದ್ದರೆ ಕಡೀರಿ. ಮಂಗ ಮೂರ್ನಾಲ್ಕು ಮೀಟರು ಲೀಲಾಜಾಲವಾಗಿ ಹಾರುತ್ತೆ, ಆದ್ದರಿಂದ ಒಂದಡಿ ಕಡಿದು ಪ್ರಯೋಜನ ಇಲ್ಲ.

ಒಳಗೆ ಇಳಿಯೋ ಅಬ್ಬಿ ಪೈಪಿನ ಮೂಲ ಹೇಗಿದೆ ಅಂತಾನೂ ನೋಡಿ. ಗುಡ್ಡದ ಮೇಲೆ ತೆರೆದ ಗುಂಡಿಯಿಂದ ನೀರು ಹಿಡಿದಿದ್ದರೆ ಮಂಗ, ಕಾಡುಹಂದಿ, ದನ ಎಲ್ಲವೂ ಅಲ್ಲೇ. ಟ್ಯಾಂಕಿಗೆ ಬೀಗ ಹಾಕಿ ಏನು ಬಂತು?

ನಲ್ಲಿನೀರು

ಸರಿಯಾಗಿ ಹೇಳಿದ್ರಿ. ಹಾಗಿದ್ದರೆ ನಿಧಾನ ಮರಳು ಶೋಧಕ ಕಟ್ಟಿಸೋದು ಮಲೆನಾಡಿಗೆ ತಕ್ಕ ಕೆಲಸ. ಕರೆಂಟು ಬೇಡ. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಎರಡು ಮೀಟರು ಎತ್ತರದ ಸಿಮೆಂಟು ತೊಟ್ಟಿ. ತಳದಲ್ಲಿ ಜಲ್ಲಿ, ಅದರ ಮೇಲೆ 80 ಸೆಂಟಿಮೀಟರು ತೊಳೆದ ಸಣ್ಣ ಮರಳು, ಅದರ ಮೇಲೆ ಸದಾ ನಿಂತ ನೀರು. ಗಂಟೆಗೆ 10 ಸೆಂಟಿಮೀಟರು ಇಳಿಯೋ ಹಾಗೆ ಹೊರವಾಲ್ವ್ ಬಿಗಿ ಮಾಡಿ. ಗಂಟೆಗೆ 100 ಲೀಟರು, ದಿನಕ್ಕೆ 2400 ಲೀಟರು. ಆರು ಮನೆಗೆ ಧಾರಾಳ.

ಕೋಶಗಳನ್ನು ಹಿಡಿಯೋದು ಮರಳಿನ ಮೇಲ್ಪದರದ ತೆಳು ಲೋಳೆ. ಅದು ಕಟ್ಟೋಕೆ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ. ಕೆಡೋದು ಎರಡು ಕಾರಣಕ್ಕೆ. ನೀರು ನಿಲ್ಲಿಸಿ ಮರಳು ಒಣಗಿಸಿದರೆ ಲೋಳೆ ಸಾಯುತ್ತೆ. ಜೂನ್, ಜುಲೈ ಕೆಂಪು ನೀರು ಸೀದಾ ಬಿಟ್ಟರೆ ಕೆಲವೇ ದಿನದಲ್ಲಿ ಕಟ್ಟಿಕೊಳ್ಳುತ್ತೆ. ಮುಂದೆ ಒಂದು ಜಲ್ಲಿ ತೊಟ್ಟಿ ಇಟ್ಟು ಕೆಸರು ಇಳಿಸಿ. ಶೋಧಕಕ್ಕಿಂತ ಮುಂಚೆ ಕ್ಲೋರಿನ್ ಹಾಕಲೇಬೇಡಿ, ಹಾಕೋದಾದರೆ ಆಮೇಲೆ.

ಅರಸೀಕೆರೆ_ತೆಂಗು

ಇಷ್ಟೆಲ್ಲ ಯಾಕೆ, ಕುದಿಸಿದರೆ ಆಗಲ್ವಾ?

ಓಪಿಡಿ_ಬೆಳಗ್ಗೆ

ಆಗುತ್ತೆ, ಅದಕ್ಕಿಂತ ಖಚಿತ ಬೇರೆ ಇಲ್ಲ. ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ. 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಅನ್ನುತ್ತಾರೆ, ಆದರೆ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ತೊಂದರೆ ಬರುವುದು ಕುದಿಸಿದ ಮೇಲೆ. ಹಂಡೆಯಿಂದ ಲೋಟ ಅದ್ದಿ ತೆಗೆಯುವ ಕೈ, ತಣ್ಣಗಾಗಲಿ ಅಂತ ಬೆರೆಸುವ ಅರ್ಧ ಚೊಂಬು ಹಸಿನೀರು. ನಲ್ಲಿ ಇರುವ ಪಾತ್ರೆ ಇಟ್ಟುಕೊಂಡರೆ ಆ ಎರಡೂ ತಪ್ಪುತ್ತವೆ. ಮನೆಯಲ್ಲಿ ಅಲ್ಟ್ರಾವಯಲೆಟ್ ಶುದ್ಧೀಕರಣ ಯಂತ್ರ ಇದ್ದರೆ ಅದೂ ಜಿಯಾರ್ಡಿಯಾ, ಕ್ರಿಪ್ಟೋ ಎರಡಕ್ಕೂ ಆಗುತ್ತದೆ. ನೀರು ತಿಳಿಯಾಗಿರಬೇಕು ಅಷ್ಟೇ, ಕದಡಿದ ನೀರಿನಲ್ಲಿ ಬೆಳಕು ಹಾಯುವುದಿಲ್ಲ.

ಸ್ಲೈಡು_ಕವರ್‌ಸ್ಲಿಪ್ಪು

ಮಕ್ಕಳ ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ, ಹೇಳುತ್ತೇನೆ. ತಾಲ್ಲೂಕು ಮಟ್ಟದ ಲ್ಯಾಬಿನಲ್ಲಿ ಆಗುವ ಮೋಶನ್ ಟೆಸ್ಟ್ ಅಂದರೆ ಒಂದು ಹನಿ ಸಲೈನು, ಒಂದು ಹನಿ ಅಯೋಡಿನ್. ಅಷ್ಟರಲ್ಲಿ ಕಾಣುವುದು ಕಾಣುತ್ತದೆ, ತಪ್ಪುವುದು ತಪ್ಪುತ್ತದೆ. ಜಿಯಾರ್ಡಿಯಾ ದಿನಾ ಹೊರಬರುವುದಿಲ್ಲ, ಹಾಗಾಗಿ ಒಂದು ಮಾದರಿ ಸಾಲದು. ದಿನ ಬಿಟ್ಟು ದಿನ ಮೂರು ಮಾದರಿ ಬೇಕು. ನೀರಾದ ಭೇದಿಯನ್ನು ಅರ್ಧ ಗಂಟೆಯೊಳಗೆ, ಮೆತ್ತಗಿನದನ್ನು ಒಂದು ಗಂಟೆಯೊಳಗೆ ನೋಡಬೇಕು. ಓಡಾಡುವ ಅಮೀಬ ಅಷ್ಟು ಬೇಗ ಸಾಯುತ್ತದೆ. ಮೂತ್ರ ಬೆರೆಯಬಾರದು. ಕಳೆದ ಎರಡು ವಾರದೊಳಗೆ ಆಂಟಿಬಯಾಟಿಕ್ ತಗೊಂಡಿದ್ದರೆ ಲ್ಯಾಬಿಗೆ ಹೇಳಿ.

ಕ್ರಿಪ್ಟೋಸ್ಪೊರಿಡಿಯಂ 4ರಿಂದ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಮಾತ್ರ, ಸಾಮಾನ್ಯ ಸ್ಲೈಡಿನಲ್ಲಿ ಯೀಸ್ಟ್ ಅಂತ ಬಿಟ್ಟುಬಿಡುತ್ತಾರೆ. ಚೀಟಿಯಲ್ಲಿ ಆಸಿಡ್ ಫಾಸ್ಟ್ ಬಣ್ಣ ಅಂತ ಬರೆಸಿಕೊಂಡು ಹೋಗಬೇಕು.

ಮಂಗದ ಸಂಪರ್ಕ ಇದೆ ಅಂತ ಲ್ಯಾಬಿಗೆ ಹೇಳುವುದರಿಂದ ಒಂದು ದೊಡ್ಡ ತಪ್ಪು ತಪ್ಪುತ್ತದೆ. ಮನುಷ್ಯರ ಸ್ಟ್ರಾಂಜಿಲಾಯ್ಡಿಸ್ ಮಲದಲ್ಲಿ ಮರಿಯಾಗಿ ಬರುತ್ತದೆ, ಮೊಟ್ಟೆಯಾಗಿ ಅಲ್ಲ. ಮಂಗದ್ದು, ಅಂದರೆ ಫ್ಯೂಲೆಬೋರ್ನಿ, ಮೊಟ್ಟೆಯಾಗಿಯೇ ಬರುತ್ತದೆ. ತೆಳು ಸಿಪ್ಪೆ, ಮೊಟ್ಟೆಯಾಕಾರ, ಸುಮಾರು 50 ಮೈಕ್ರಾನ್ ಉದ್ದ. ತಾಜಾ ಮಲದಲ್ಲೇ ಒಳಗೆ ಮಡಚಿಕೊಂಡ ಮರಿ ಕಾಣುತ್ತದೆ, ಒಮ್ಮೊಮ್ಮೆ ಮಿಸುಕುತ್ತದೆ. ಅವಸರದಲ್ಲಿ ನೋಡಿದವರು ಕೊಕ್ಕೆಹುಳುವಿನ ಮೊಟ್ಟೆ ಅಂತ ಬರೆದುಬಿಡುತ್ತಾರೆ. ಕೊಕ್ಕೆಹುಳುವಿನದು ಇನ್ನೂ ದೊಡ್ಡದು, 60ರಿಂದ 75 ಮೈಕ್ರಾನ್, ತಾಜಾ ಇದ್ದಾಗ ಒಳಗೆ ನಾಲ್ಕೆಂಟು ಉಂಡೆ ಕೋಶಗಳು ಮಾತ್ರ. ಆದರೆ ಮಾದರಿಯನ್ನು ಇಡೀ ದಿನ ಬಿಸಿಲಿನ ಕಿಟಕಿಯಲ್ಲಿ ಇಟ್ಟರೆ ಕೊಕ್ಕೆಹುಳುವಿನ ಮೊಟ್ಟೆಯೂ ಮರಿಯಾಗುತ್ತದೆ, ಆಗ ಎಷ್ಟೇ ಕಣ್ಣು ಕಿರಿದು ಮಾಡಿದರೂ ಗೊತ್ತಾಗುವುದಿಲ್ಲ. ಚಾಟಿಹುಳುವಿನ ಮೊಟ್ಟೆಯಲ್ಲಿ ಈ ಗೋಜಲಿಲ್ಲ, ಎರಡು ತುದಿಗೂ ಬಿರಡೆ ಹಾಕಿದ ಪುಟ್ಟ ಪೀಪಾಯಿಯ ಹಾಗೆ ಎದ್ದು ಕಾಣುತ್ತದೆ.

ಅಮೀಬದ ವಿಷಯದಲ್ಲೂ ಎಚ್ಚರ ಬೇಕು. ಆಮಶಂಕೆ ತರುವ ಎಂಟಮೀಬಾ ಹಿಸ್ಟೋಲಿಟಿಕಾ, ಅದರ ಬಳಗದ ಡಿಸ್ಪಾರ್, ನಟಾಲಿ ಮೂರರ ಕೋಶವೂ ಸೂಕ್ಷ್ಮದರ್ಶಕದಲ್ಲಿ ಒಂದೇ ರೂಪ. ಪಿಸಿಆರ್ ಅನ್ನುವ ಡಿಎನ್‌ಎ ಪರೀಕ್ಷೆ ಮಾಡದೆ ಬೇರ್ಪಡಿಸಲಾಗದು. ಆದ್ದರಿಂದ "ಮಂಗದಲ್ಲಿ ಹಿಸ್ಟೋಲಿಟಿಕಾ ಸಿಕ್ಕಿತು" ಅನ್ನುವ ಹಳೆಯ ವರದಿಗಳನ್ನೆಲ್ಲ ಕಣ್ಣುಮುಚ್ಚಿ ನಂಬಬೇಡಿ.

ಓಪಿಡಿ_ಬೆಳಗ್ಗೆ

ಅದಕ್ಕೆ ಸೇರಿಸುತ್ತೇನೆ. ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದರೆ ಹುಳದ ಕಡೆ ಅನುಮಾನ ಹೋಗಬೇಕು. ಜಿಯಾರ್ಡಿಯಾ, ಅಮೀಬ ಸಾಮಾನ್ಯವಾಗಿ ಅದನ್ನು ಏರಿಸುವುದಿಲ್ಲ. ಎಣ್ಣೆಯಂತೆ ಜಿಡ್ಡಾಗಿ ತೇಲುವ, ಕೆಟ್ಟ ವಾಸನೆಯ ಭೇದಿ, ಹೊಟ್ಟೆ ಉಬ್ಬರ, ರಕ್ತ ಇಲ್ಲ ಅಂದರೆ ಜಿಯಾರ್ಡಿಯಾ. ರಕ್ತ, ಲೋಳೆ, ಮುಕ್ಕರಿಕೆ ಇದ್ದರೆ ಆಮಶಂಕೆ. ಮಗು ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ ಕೊಕ್ಕೆಹುಳು. ಗುದ ಹೊರಬರುತ್ತಿದ್ದರೆ ಚಾಟಿಹುಳು ತುಂಬಾ ಇರಬಹುದು. ಅನ್ನದಗುಳಿನಂಥ ಚಪ್ಪಟೆ ತುಂಡುಗಳು ಕಂಡರೆ ಅದನ್ನೇ ಡಬ್ಬಿಯಲ್ಲಿ ಹಾಕಿ ತನ್ನಿ, ಲಾಡಿಹುಳು.

ಎಲ್ಲದಕ್ಕೂ ಒಂದೇ ಹುಳದ ಮಾತ್ರೆ, ಅಲ್ಬೆಂಡಜೋಲ್, ಅನ್ನುವುದು ತಪ್ಪು. ಫೆಬ್ರುವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ, ಅಂಗನವಾಡಿಯಲ್ಲಿ ಕೊಡುವ 400 ಮಿಲಿಗ್ರಾಂ ಮಾತ್ರೆ ಒಳ್ಳೆಯದೇ, ತಪ್ಪಿಸಬೇಡಿ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ. ದುಂಡುಹುಳು, ಕೊಕ್ಕೆಹುಳುವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಚಾಟಿಹುಳುವಿಗೆ ಒಂದು ಡೋಸು ಸಾಲದು. ಸ್ಟ್ರಾಂಜಿಲಾಯ್ಡಿಸ್‌ಗೆ ಐವರ್ಮೆಕ್ಟಿನ್, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೋಸಮೈಡ್, ಬ್ಯಾಲಂಟಿಡಿಯಂಗೆ ಟೆಟ್ರಾಸೈಕ್ಲಿನ್. ಮಕ್ಕಳಿಗಾದರೆ ಬೇರೆ ಮದ್ದು. ಅಮೀಬಕ್ಕೆ ಮೆಟ್ರೊನಿಡಜೋಲ್ ಕೊಟ್ಟರೆ ಅದು ಕರುಳಿನ ಗೋಡೆಯಲ್ಲಿರುವುದನ್ನು ಕೊಲ್ಲುತ್ತದೆ, ಒಳಗೆ ತೇಲುವ ಕೋಶಗಳನ್ನು ಅಷ್ಟಾಗಿ ಅಲ್ಲ. ಆಮೇಲೆ ಡೈಲೊಕ್ಸನೈಡ್ ಫ್ಯೂರೋಯೇಟ್ ಹತ್ತು ದಿನ ಬೇಕಾಗುತ್ತದೆ. ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗಿ ಭೇದಿ ನಿಂತ ಕೂಡಲೇ ಬಿಟ್ಟವರು ಕೋಶ ಹೊರಹಾಕುತ್ತಲೇ ಇರುತ್ತಾರೆ, ಅಡುಗೆಮನೆಯ ಮೂಲಕ ಉಳಿದವರಿಗೆ ಹಂಚುತ್ತಾರೆ.

ಆಸ್ತಮಾ, ಸಂಧಿವಾತಕ್ಕೆ ಸ್ಟಿರಾಯ್ಡ್ ಮಾತ್ರೆ ತಿನ್ನುವವರು ತೋಟದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದರೆ ಸ್ಟ್ರಾಂಜಿಲಾಯ್ಡಿಸ್ ಪರೀಕ್ಷೆ ಮಾಡಿಸಲೇಬೇಕು. ಮನುಷ್ಯರ ಜಾತಿಯ ಆ ಹುಳ ದೇಹದೊಳಗೇ ಮರಿ ಹಾಕಿ ಮತ್ತೆ ಹೊಕ್ಕುತ್ತಾ ವರ್ಷಗಟ್ಟಲೆ ಉಳಿಯುತ್ತದೆ. ಸ್ಟಿರಾಯ್ಡ್ ಬಿದ್ದ ಮೇಲೆ ಮಿತಿ ಮೀರಿ ಪ್ರಾಣಕ್ಕೇ ಬರಬಹುದು. ಮಂಗದ ಜಾತಿಗೆ ಈ ಗುಣವಿಲ್ಲ, ಆದರೆ ಚೀಟಿಯಲ್ಲಿ ಎರಡರ ಹೆಸರೂ ಒಂದೇ ಇರುತ್ತದಲ್ಲ.

ದನದ_ಡಾಕ್ಟ್ರು

ಮುಂದೆ ಬರೋ ಪ್ರಶ್ನೆ ಗೊತ್ತು, ಅದಕ್ಕೆ ಮುಂಚೆನೇ ಉತ್ತರ ಬರೀತೀನಿ. ಬಾಳೆಹಣ್ಣಲ್ಲಿ ಅಲ್ಬೆಂಡಜೋಲ್ ತುರುಕಿ ಮಂಗಕ್ಕೆ ಹಾಕಿದರೆ ಹೇಗೆ? ಹಾಕಬೇಡಿ. ಗುಂಪಿನ ದೊಡ್ಡ ಗಂಡು ಹತ್ತು ಹಣ್ಣು ಬಾಚುತ್ತೆ, ಮರಿ ಹೊತ್ತ ಹೆಣ್ಣಿಗೆ ಒಂದೂ ಸಿಗಲ್ಲ. ಗರ್ಭದ ಮೇಲೆ ಆ ಔಷಧಿಯ ಪರಿಣಾಮ ಒಳ್ಳೇದಲ್ಲ. ಮರುದಿನವೇ ಅದೇ ಮಣ್ಣಿಂದ ಮತ್ತೆ ಹುಳ ಹತ್ತುತ್ತೆ, ಕಡಿಮೆ ಡೋಸಿಂದ ಔಷಧಿಗೆ ಜಗ್ಗದ ಹುಳ ಬೆಳೆಯುತ್ತೆ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆ ಕೇಳದೆ ಇವನ್ನು ಮುಟ್ಟೋ ಹಾಗಿಲ್ಲ. ಕೊನೆಗೆ ಹಣ್ಣು ಸಿಗೋ ಜಾಗ ಅಂತ ಗುಂಪು ಅಲ್ಲೇ ಬಿಡಾರ ಹೂಡುತ್ತೆ.

ಮಂಗ ಹಿಡಿಸಿ ಲಾರಿಯಲ್ಲಿ ಬೇರೆ ಕಾಡಿಗೆ ಬಿಡೋದೂ ಪರಿಹಾರ ಅಲ್ಲ. ಪೇಟೆ ಮಂಗದ ಹೊಟ್ಟೆಯಲ್ಲಿರೋ ನಮ್ಮ ಹುಳಗಳೆಲ್ಲ ಕಾಡಿನ ಮಂಗಕ್ಕೆ, ಮುಸುವಕ್ಕೆ ಹಂಚಿಕೆ ಆಗ್ತವೆ. ಇಲ್ಲಿ ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತೆ.

ಸತ್ತ ಮಂಗ ಕಂಡರೆ ಮಾತ್ರ ಹೊಟ್ಟೆಹುಳದ ಯೋಚನೆ ಬಿಡಿ. ಅದು ಉಣುಗಿನ ವಿಚಾರ. ಹತ್ತಿರ ಹೋಗದೆ, ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಿ. ಮಂಗ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ರೇಬಿಸ್ ಚುಚ್ಚುಮದ್ದಿಗೆ ಹೋಗಿ.

ಹೆಂಚಿನಮನೆ_ಸಕಲೇಶಪುರ

ತೋಟದಲ್ಲಿ ಯಾವ ಜಾಗ ಹೆಚ್ಚು ಅಪಾಯ? ಕಣದಲ್ಲಿ ಕಾಫಿ, ಮೆಣಸು ಒಣ ಹಾಕಿದಾಗಲೂ ಮಂಗ ಬಂದು ಗಲೀಜು ಮಾಡುತ್ತೆ.

ಕಾಡುಹಾದಿ

ಕಣಕ್ಕಿಂತ ಮಂಗ ರಾತ್ರಿ ತಂಗುವ ಮರದ ಬುಡ. ಒಂದೇ ಮರಕ್ಕೆ ಮತ್ತೆ ಮತ್ತೆ ಬರುತ್ತವೆ, ಬೆಳಗ್ಗೆ ಇಳಿಯುವ ಮುಂಚೆ ಎಲ್ಲವೂ ಅಲ್ಲೇ. ಆ ನೆಲ ನೆರಳು, ಸಡಿಲ ಮಣ್ಣು, ತೇವ, ಹದ ಬಿಸಿ: ಕೊಕ್ಕೆಹುಳುವಿನ ಮರಿಗೆ ಬೇಕಾದ್ದೆಲ್ಲ ಕಾಫಿ ನೆರಳಿನಲ್ಲೇ ಇದೆ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆದು, ಐದರಿಂದ ಹತ್ತು ದಿನದಲ್ಲಿ ಪಾದ ಕೊರೆದು ಹೊಕ್ಕುವ ಮರಿ ತಯಾರು. ಹೊಕ್ಕ ಜಾಗದಲ್ಲಿ ಕೆಲವು ದಿನ ಕಡಿತ, ಸಣ್ಣ ಗುಳ್ಳೆ. ಅಂಥ ಮರದ ಕೆಳಗೆ ಸೌದೆ ಒಟ್ಟಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಗಂಬೂಟು ಹಾಕಿದರೆ ಸಾಕು, ಒಳಗೆ ಒದ್ದೆ ಇರಬಾರದು.

ನರ್ಸರಿ ಚೀಲ ತುಂಬುವವರ ಬಗ್ಗೆ ವಿಶೇಷವಾಗಿ ಹೇಳಬೇಕು. ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು. ಆ ಕಾಡುಮಣ್ಣನ್ನು ಮರದ ಬುಡದಿಂದಲೇ ಕೆರೆದು ತರುತ್ತಾರೆ, ಹೆಂಗಸರು ಬರಿಗೈಯಲ್ಲಿ ತುಂಬುತ್ತಾರೆ, ಮಧ್ಯೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಮಣ್ಣು ತರುವ ಜಾಗ ಬದಲಿಸಿ, ತಂದ ಮೇಲೆ ಜರಡಿ ಹಿಡಿದು ತೆಳುವಾಗಿ ಹರಡಿ ಬಿಸಿಲಿಗೆ ಒಣಗಿಸಿ. ಕೊಕ್ಕೆಹುಳು, ಸ್ಟ್ರಾಂಜಿಲಾಯ್ಡಿಸ್ ಮರಿಗಳು ಒಣಗಿದರೆ ಸಾಯುತ್ತವೆ. ದುಂಡುಹುಳುವಿನ ಮೊಟ್ಟೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಅದಕ್ಕೆ ಕೈಗವಸು, ಉಗುರು ಕತ್ತರಿಸುವುದು, ಎಲೆಅಡಿಕೆಗೆ ಮುಂಚೆ ಸೋಪು.

ಸಿಮೆಂಟು ಕಣ ಮಧ್ಯಾಹ್ನ ಕಾದರೆ ಮರಿಗಳು ಉಳಿಯುವುದಿಲ್ಲ. ಕಾಫಿಯನ್ನು ಹೇಗೂ 200 ಡಿಗ್ರಿಯ ಆಸುಪಾಸಿನಲ್ಲಿ ಹುರಿಯುತ್ತಾರೆ. ಮೆಣಸನ್ನು ಹುರಿಯದೆ ಹಾಗೇ ಬಳಸುತ್ತಾರಲ್ಲ, ಒಣಗಿಸುವ ಮುಂಚೆ ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ಹಾಕಿ ಕುದಿವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಬಣ್ಣವೂ ಸಮನಾಗುತ್ತದೆ. ಆಮೇಲೆ ಕಣಕ್ಕೆ ಬಲೆ ಹಾಕಿ, ಇಲ್ಲದಿದ್ದರೆ ಅದ್ದಿದ್ದು ದಂಡ.

ದನದ_ಡಾಕ್ಟ್ರು

ಹಿಕ್ಕೆ ತೆಗೆಯುವ ರೀತಿಯನ್ನೂ ಹೇಳಿಬಿಡ್ತೀನಿ. ಒಣ ಪೊರಕೆ ಹಿಡೀಬೇಡಿ, ಧೂಳಾಗಿ ಬಾಯಿಗೆ ಹೋಗುತ್ತೆ. ನೀರು ಚಿಮುಕಿಸಿ, ಸಲಿಕೆಯಿಂದ ಎತ್ತಿ, ಬಾವಿ, ಅಬ್ಬಿಯಿಂದ ದೂರ ಒಂದಡಿಗಿಂತ ಆಳ ಹೂಳಿ. ಆ ಜಾಗಕ್ಕೆ ಕುದಿವ ನೀರು ಸುರೀರಿ. ಮೊಟ್ಟೆಗೆ ಬ್ಲೀಚಿಂಗಿಗಿಂತ ಬಿಸಿನೀರೇ ಮದ್ದು. ಸೂರಿನ ಮಳೆನೀರು ಹಿಡಿಯೋರು ಮೊದಲ 2 ಮಿಲಿಮೀಟರು ಮಳೆಯನ್ನು ಹೊರಬಿಡಿ, 100 ಚದರ ಮೀಟರು ಸೂರಿಗೆ 200 ಲೀಟರು.

ಅರಸೀಕೆರೆ_ತೆಂಗು

ಕೋತಿ ಅರ್ಧ ಕಚ್ಚಿದ ಸೀಬೆಹಣ್ಣು ಕೊಯ್ದು ಉಳಿದಿದ್ದು ತಿಂತಾರಲ್ಲ? ಉಪ್ಪುನೀರಲ್ಲಿ ತೊಳೆದರೆ ಸಾಕಾ?

ಓಪಿಡಿ_ಬೆಳಗ್ಗೆ

ಕಚ್ಚಿದ್ದನ್ನು ಬಿಸಾಡಿ. ಬಾವಲಿ ಕಚ್ಚಿದ್ದೋ ಮಂಗ ಕಚ್ಚಿದ್ದೋ ಅಂತ ಹಲ್ಲಿನ ಗುರುತು ನೋಡಿ ಹೇಳುವವರು ಕಡಿಮೆ. ಉಪ್ಪುನೀರು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹರಿಯುವ ನೀರಲ್ಲಿ ಉಜ್ಜಿದರೆ ಉದುರುತ್ತದೆ, ಸಿಪ್ಪೆ ತೆಗೆದರೆ ಇನ್ನೂ ಒಳ್ಳೆಯದು. ಕೊತ್ತಂಬರಿ, ಪುದೀನ ಹಸಿಯಾಗಿ ಹಾಕುವಾಗ ಒಂದೊಂದೇ ಎಸಳು ಹಿಡಿದು ತೊಳೆಯಬೇಕು, ಕಟ್ಟನ್ನೇ ಅದ್ದಿ ತೆಗೆದರೆ ಮಧ್ಯದ ಮಣ್ಣು ಹಾಗೇ ಇರುತ್ತದೆ.

ಕೊಟ್ಟಿಗೆಹಾರ_ಮಳೆ

ಎಲ್ಲರಿಗೂ ಧನ್ಯವಾದ. ಸರಪಳಿ, ಬೀಗ, ಜಾಲರಿ ತರಿಸುತ್ತೇನೆ, ಭಾನುವಾರ ಟ್ಯಾಂಕು ತೊಳೆಯುವುದು. ಅಬ್ಬಿಯ ಗುಂಡಿ ತೆರೆದೇ ಇದೆ, ಮರಳಿನ ತೊಟ್ಟಿ ಮಳೆಗಾಲಕ್ಕೆ ಮುಂಚೆ ಕಟ್ಟಿಸಬೇಕು. ಇವತ್ತೇ ಆ ಇಬ್ಬರು ಮಕ್ಕಳಿಗೂ ಲೈನಿನ ಎಲ್ಲರಿಗೂ ಹುಳದ ಮಾತ್ರೆ ಕೊಟ್ಟುಬಿಡಲೇ?

ಸ್ಲೈಡು_ಕವರ್‌ಸ್ಲಿಪ್ಪು

ಭೇದಿ ಇರುವ ಇಬ್ಬರಿಗೆ ಇವತ್ತು ಬೇಡ. ಮೊದಲು ಮೂರು ಮಾದರಿ ಕೊಡಿಸಿ, ಸೋಮವಾರ, ಬುಧವಾರ, ಶುಕ್ರವಾರ. ಮಾತ್ರೆ ನುಂಗಿದ ಮೇಲೆ ತಂದ ಮಾದರಿಯಲ್ಲಿ ಕಾರಣ ಕಾಣದೆ ಹೋಗಬಹುದು, ಭೇದಿ ಮಾತ್ರ ನಿಲ್ಲದೆ ಇರಬಹುದು. ಅಗಲ ಬಾಯಿಯ ಒಣ ಡಬ್ಬಿ, ಮೇಲೆ ಹೆಸರು ಮತ್ತು ಸಮಯ. ಮೂಡಿಗೆರೆಗೆ ಮೊದಲ ಬಸ್ಸಿಗೇ ಮಗುವನ್ನೂ ಕರೆದುಕೊಂಡು ಹೋಗಿ, ಅಲ್ಲೇ ಕೊಟ್ಟರೆ ಅರ್ಧ ಗಂಟೆಯ ಗಡಿ ಮೀರುವುದಿಲ್ಲ.

ಓಪಿಡಿ_ಬೆಳಗ್ಗೆ

ಅಲ್ಲಿಯವರೆಗೆ ಓಆರ್‌ಎಸ್ ಮತ್ತು ಜಿಂಕ್ ಕೊಡಿ, ಊಟ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಮೂರು ಮಾದರಿ ಮುಗಿಯಲಿ ಅಂತ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ. ಲೈನಿನ ಉಳಿದವರ ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭಿಣಿಯರು ಇದ್ದರೆ ಮೊದಲೇ ಹೇಳಿ.